ತರಗತಿಯ ಪೋಷಕರ ಸಭೆ: ಕರೆಯುವುದರಿಂದ ಹಿಡಿದು ವರ್ಷದ ಕೊನೆಯವರೆಗೆ

ಜಗಳೂರು, ಚಳ್ಳಕೆರೆ, ಹೊಸದುರ್ಗದ ಕಡೆಯ ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆ ಒಂದೇ: "ಪೋಷಕರ ಸಭೆ ಕರೆದರೆ ಯಾರೂ ಬರುವುದಿಲ್ಲ, ಬಂದವರೂ ಪುಸ್ತಕಕ್ಕೆ ಸಹಿ ಹಾಕಿ, ಕೊಟ್ಟ ಚಹಾ ಕುಡಿದು ಹೋಗುತ್ತಾರೆ, ಏನು ಮಾಡಬೇಕು?" ಪೋಷಕರ ದೂರು ಬೇರೆ ಬಗೆಯದು: "ಕರೆದಾಗ ಹೋಗಿ ಕೂರುತ್ತೇವೆ, ನಿಮ್ಮ ಹುಡುಗ ಓದುವುದಿಲ್ಲ ಎಂದು ಹತ್ತು ಜನರೆದುರು ಹೇಳಿಸಿಕೊಂಡು ಬರುತ್ತೇವೆ, ಒಂದು ದಿನದ ಕೂಲಿ ಬಿಟ್ಟು ಇದಕ್ಕೇಕೆ ಹೋಗಬೇಕು?" ಇಬ್ಬರ ಮಾತಿನಲ್ಲೂ ಹುರುಳಿದೆ. ಸಭೆಗೆ ಜನ ಬಾರದಿರುವುದಕ್ಕೆ ಅವರ ನಿರಾಸಕ್ತಿಗಿಂತ ದೊಡ್ಡ ಕಾರಣ, ಅಲ್ಲಿ ಅವರು ಮಾಡಬೇಕಾದ ಕೆಲಸವೇನೂ ಇಲ್ಲದಿರುವುದು. ಆದ್ದರಿಂದ ಇಲ್ಲಿ ವಿವರಿಸುವ ಕ್ರಮದಲ್ಲಿ ವರ್ಷಕ್ಕೆ ಒಂದೇ ಸಣ್ಣ ವಿಷಯವನ್ನು ಮಾತ್ರ ಹಿಡಿದು, ಶಿಕ್ಷಕರು, ಮಕ್ಕಳು, ಮನೆಯವರು, ಮುಖ್ಯ ಶಿಕ್ಷಕರು ಈ ನಾಲ್ವರಿಗೂ ಒಂದೊಂದು ಕೆಲಸ ಹಂಚಿ, ಹೇಳಿದ ದಿನ ಅದನ್ನು ನೋಡುವುದಕ್ಕೆ ಒತ್ತು ಕೊಡಲಾಗಿದೆ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯನ್ನು ಎದುರಿಗಿಟ್ಟುಕೊಂಡು ಬರೆದಿದ್ದರೂ ದಾವಣಗೆರೆ ನಗರದ ಖಾಸಗಿ ಶಾಲೆಗಳವರು ಎಸ್‌ಡಿಎಂಸಿ ಎಂಬ ಶಾಲಾ ಸಮಿತಿಗೆ ಸಂಬಂಧಿಸಿದ ಭಾಗವನ್ನು ಬಿಟ್ಟು ಉಳಿದುದನ್ನು ಹಾಗೆಯೇ ಬಳಸಬಹುದು.

ಮೊದಲು ತಿಳಿದಿರಬೇಕಾದ ನಿಯಮಗಳು

ಎಸ್‌ಡಿಎಂಸಿ ಎಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಇದು 2001ರಿಂದ ಇದೆ. ಆನಂತರ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಯಾಯಿತು. ಅದರ 21ನೇ ಸೆಕ್ಷನ್ ಪ್ರಕಾರ ಇಂಥ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಭಾಗ ಆ ಶಾಲೆಯ ಮಕ್ಕಳ ತಂದೆ ತಾಯಿ ಅಥವಾ ಪೋಷಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ಕೆಲಸ ಹೇಗೆ ನಡೆದಿದೆ ಎಂದು ನೋಡುವುದು, ಬಂದ ಅನುದಾನ ಹೇಗೆ ಖರ್ಚಾಯಿತು ಎಂದು ಪರಿಶೀಲಿಸುವುದು, ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಅದರ ಕೆಲಸ.

ಎಸ್‌ಡಿಎಂಸಿ ಸಭೆ ಬೇರೆ, ತರಗತಿಯ ಪೋಷಕರ ಸಭೆ ಬೇರೆ ಎಂಬುದನ್ನು ಬಹಳ ಶಾಲೆಗಳು ಮರೆಯುತ್ತವೆ. ಅದೇ ಕಾಯ್ದೆಯ 24ನೇ ಸೆಕ್ಷನ್, ಪೋಷಕರೊಂದಿಗೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಕೆಯ ಸಾಮರ್ಥ್ಯ, ಕಲಿಕೆಯಲ್ಲಿ ಆಗಿರುವ ಪ್ರಗತಿ ಇವುಗಳನ್ನು ತಿಳಿಸುವುದು ಶಿಕ್ಷಕರ ಕರ್ತವ್ಯ ಎಂದು ಹೇಳುತ್ತದೆ. ಸಮಿತಿಯಲ್ಲಿ ಇರುವವರು ಕೆಲವರು; ತರಗತಿಯ ಸಭೆಗೆ ಪ್ರತಿ ಮಗುವಿನ ಮನೆಯವರೂ ಬರಬೇಕು. ಸಮಿತಿಯವರು ಬಂದು ಹೋದದ್ದನ್ನೇ ಪೋಷಕರ ಸಭೆ ಎಂದು ದಾಖಲಿಸುವುದು ಕಾಗದಕ್ಕೆ ಸರಿ, ಮಕ್ಕಳಿಗೆ ಅದರಿಂದ ಏನೂ ಆಗುವುದಿಲ್ಲ.

ಬೇಕಾಗುವ ಸಾಮಗ್ರಿ ಬಹಳವಿಲ್ಲ. ಕಳೆದ ವರ್ಷದ ಮತ್ತು ಈ ವರ್ಷದ ಹಾಜರಿ ಪುಸ್ತಕ, ಇನ್ನೂರು ಪುಟದ ಒಂದು ನೋಟ್‌ಬುಕ್, ಕಪ್ಪು ಹಲಗೆ, ಎಲ್ಲರೂ ಕೆಳಗೆ ಕೂರುವಷ್ಟು ಜಮಖಾನೆ ಇದ್ದರೆ ಸಾಕು. ಗಣ್ಯರು, ಶಾಲು, ಹಾರ, ಮೈಕು ಇಲ್ಲಿ ಬೇಡ; ಅವು ಬಂದ ಕೂಡಲೇ ಸಭೆ ಸಮಾರಂಭವಾಗುತ್ತದೆ.

1. ಒಂದೇ ವಿಷಯ ಆರಿಸಿಕೊಳ್ಳಿ (ಜೂನ್, ಜುಲೈ)

"ಶಿಕ್ಷಣದ ಗುಣಮಟ್ಟ ಹೆಚ್ಚಿಸುವುದು" ಎಂಬುದು ವಿಷಯವಲ್ಲ. ಅಳೆದು ನೋಡಬಹುದಾದ, ಮನೆಯವರ ಕೈಯಲ್ಲೂ ಒಂದಿಷ್ಟು ಇರುವ ವಿಷಯ ಬೇಕು. ದಾವಣಗೆರೆ, ಚಿತ್ರದುರ್ಗ ಈ ನಮ್ಮ ಎರಡು ಜಿಲ್ಲೆಗಳಲ್ಲಿ ಇದನ್ನು ಹುಡುಕಲು ಸುಲಭದ ದಾರಿಯೆಂದರೆ ಕಳೆದ ವರ್ಷದ ಹಾಜರಿ ಪುಸ್ತಕವನ್ನು ತೆರೆದು ತಿಂಗಳು ತಿಂಗಳಾಗಿ ಗೈರುಹಾಜರಿ ಲೆಕ್ಕ ಹಾಕುವುದು. ಚಳ್ಳಕೆರೆ, ಹಿರಿಯೂರು, ಚಿತ್ರದುರ್ಗದ ಹಳ್ಳಿಗಳಲ್ಲಿ ಈರುಳ್ಳಿ ಕೊಯ್ಲು ಮತ್ತು ಶೇಂಗಾ ಕಿತ್ತು ಬಿಡಿಸುವ ದಿನಗಳಲ್ಲಿ, ಜಗಳೂರು, ದಾವಣಗೆರೆ ಭಾಗದಲ್ಲಿ ಮೆಕ್ಕೆಜೋಳದ ತೆನೆ ಮುರಿಯುವಾಗ, ಚನ್ನಗಿರಿಯಲ್ಲಿ ಅಡಿಕೆ ಕೊಯ್ಲಿನಲ್ಲಿ, ಭದ್ರಾ ನಾಲೆಯ ಊರುಗಳಲ್ಲಿ ನಾಟಿಯ ಹೊತ್ತಿನಲ್ಲಿ ಯಾವ ಮಕ್ಕಳ ಹೆಸರಿನ ಮುಂದೆ ಗೈರಿನ ಗುರುತು ಸಾಲಾಗಿ ಬಿದ್ದಿದೆ ಎಂದು ನೋಡಿ. ದಿನವಿಡೀ ಹೊಲದಲ್ಲಿದ್ದವರು ಬೇರೆ, ಹೊಲಕ್ಕೆ ಹೋದ ತಾಯಿಯ ಕೈಗೂಸನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದವರು ಬೇರೆ. ಎರಡನೆಯವರಲ್ಲಿ ಹೆಚ್ಚಿನವರು ನಾಲ್ಕನೇ, ಐದನೇ ತರಗತಿಯ ಹೆಣ್ಣುಮಕ್ಕಳಾಗಿರುತ್ತಾರೆ. ಇವರ ಸಮಸ್ಯೆಗೆ ಶಾಲೆಯ ಉಪದೇಶದಿಂದ ಪ್ರಯೋಜನವಿಲ್ಲ; ಅಂಗನವಾಡಿಯ ವೇಳೆ ಹೊಂದಿದರೆ ಪ್ರಯೋಜನವಿದೆ.

ಹಾಜರಾತಿ ಚೆನ್ನಾಗಿರುವ ತರಗತಿಯಾದರೆ ಓದನ್ನು ಆರಿಸಿಕೊಳ್ಳಿ. ಐದನೇ ತರಗತಿಯ ಪ್ರತಿ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಎರಡನೇ ತರಗತಿಯ ಕನ್ನಡ ಪುಸ್ತಕದ ಒಂದು ಪುಟ ಓದಿಸಿ, ಸರಾಗವಾಗಿ ಓದಿದವರು, ಒತ್ತಕ್ಷರಕ್ಕೆ ತಡವರಿಸಿದವರು, ಅಕ್ಷರ ಕೂಡಿಸಲು ಆಗದವರು ಎಂದು ಮೂರು ಗುಂಪು ಮಾಡಿಕೊಳ್ಳಿ. ಈ ಪಟ್ಟಿ ನಿಮ್ಮ ಬಳಿ ಮಾತ್ರ ಇರಲಿ.

ಎಚ್ಚರಿಕೆ: ಶೌಚಾಲಯ, ಕಾಂಪೌಂಡ್, ಸೋರುವ ಕೊಠಡಿಗಳನ್ನು ತರಗತಿ ಸಭೆಯ ವಿಷಯ ಮಾಡಬೇಡಿ. ಅವು ಮುಖ್ಯವಲ್ಲ ಎಂದಲ್ಲ. ಅವು ಎಸ್‌ಡಿಎಂಸಿಗೆ ಹೋಗಬೇಕಾದವು. ಕಟ್ಟಡದ ಮಾತು ಒಮ್ಮೆ ಶುರುವಾದರೆ ಆ ದಿನ ಮಕ್ಕಳ ಮಾತು ಬರುವುದೇ ಇಲ್ಲ.

2. ಮುಖ್ಯ ಶಿಕ್ಷಕರೊಂದಿಗೆ ಮೊದಲೇ ಮಾತಾಡಿ

ತರಗತಿ ಶಿಕ್ಷಕರು ಸಭೆಯಲ್ಲಿ ಒಪ್ಪಿಕೊಂಡು ಬಂದದ್ದನ್ನು ಮುಖ್ಯ ಶಿಕ್ಷಕರು ಮರುದಿನ "ಇದಕ್ಕೆಲ್ಲ ಆದೇಶವಿಲ್ಲ" ಎಂದು ತಳ್ಳಿಹಾಕಿದರೆ ಆ ಊರಿನಲ್ಲಿ ಇನ್ನೊಂದು ಸಭೆ ಕೂಡುವುದು ಕಷ್ಟ. ಆದ್ದರಿಂದ ಸಭೆಗೆ ಮುಂಚೆ ಮೂರು ವಿಷಯಗಳಿಗೆ ಅವರ ಒಪ್ಪಿಗೆ ಪಡೆಯಿರಿ: ಸಭೆಯ ದಿನ ನಿಮಗೆ ಬೇರೆ ಕೆಲಸ ಹಚ್ಚಬಾರದು, ಅವರು ಕೊನೆಯ ಹದಿನೈದು ನಿಮಿಷ ಭಾಷಣ ಮಾಡದೆ ಬಂದು ಕೂರಬೇಕು, ಶಾಲೆಯ ಕಡೆಯಿಂದ ಏನನ್ನು ಬದಲಾಯಿಸಲು ಸಾಧ್ಯ ಎಂಬುದರ ಮಿತಿ ಮೊದಲೇ ಗೊತ್ತಿರಬೇಕು. ಉದಾಹರಣೆಗೆ, ಕೊಯ್ಲಿನ ವಾರಗಳಲ್ಲಿ ಬೇಗ ಬಂದ ಮಕ್ಕಳು ಬಿಸಿಲಲ್ಲಿ ನಿಲ್ಲದಂತೆ ಎಂಟೂವರೆಗೇ ಒಂದು ಕೊಠಡಿ ತೆರೆಯುವುದು ಮುಖ್ಯ ಶಿಕ್ಷಕರ ಕೈಯಲ್ಲಿದೆ. ಶಾಲೆಯ ರಜಾಪಟ್ಟಿಯನ್ನೇ ಬದಲಾಯಿಸುವುದು ಅವರ ಕೈಯಲ್ಲಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಕೊಟ್ಟ ಮಾತು ಸುಳ್ಳಾಗುತ್ತದೆ.

3. ಮಕ್ಕಳನ್ನು ಕೇಳಿ

ಸಭೆಗೆ ಒಂದು ವಾರ ಮೊದಲು ತರಗತಿಯಲ್ಲೇ ಒಂದು ಅವಧಿ ತೆಗೆದಿಡಿ. "ಯಾವ ದಿನ ಶಾಲೆಗೆ ಬರಲು ಕಷ್ಟ? ಆ ದಿನ ಮನೆಯಲ್ಲಿ ಏನು ನಡೆದಿರುತ್ತದೆ? ಏನಿದ್ದರೆ ಬರಬಹುದಿತ್ತು?" ಈ ಮೂರಕ್ಕೆ ಹೆಸರು ಬರೆಯದೆ ಚೀಟಿಯಲ್ಲಿ ಉತ್ತರ ಬರೆಯಲು ಹೇಳಿ. ಬರೆಯಲು ಬಾರದವರು ಚಿತ್ರ ಬಿಡಿಸಲಿ. ಶಾಲಾ ಸಂಸತ್ತು, ಅಂದರೆ ಮಕ್ಕಳೇ ಆರಿಸಿದ ಮಂತ್ರಿಮಂಡಲ ಇರುವ ಶಾಲೆಗಳಲ್ಲಿ ಚೀಟಿಗಳನ್ನು ಒಟ್ಟುಗೂಡಿಸುವ ಕೆಲಸ ಅವರಿಗೆ ಕೊಡಬಹುದು, ಆದರೆ ಅವರಿಗಿಂತ ಮೊದಲು ನೀವೊಮ್ಮೆ ಎಲ್ಲವನ್ನೂ ಓದಿ. ಮನೆಯಲ್ಲಿ ಕುಡಿತ, ಹೊಡೆತ, ಮದುವೆಯ ಮಾತು ಇಂಥವು ಚೀಟಿಯಲ್ಲಿ ಬಂದರೆ ಅದನ್ನು ತೆಗೆದಿಟ್ಟು ಮುಖ್ಯ ಶಿಕ್ಷಕರೊಂದಿಗೆ ಮಾತ್ರ ಮಾತಾಡಬೇಕು. ಮಗುವಿಗೆ ಅಪಾಯವಿದೆ ಎನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಪೋಷಕರ ಸಭೆ ಅದಕ್ಕೆ ಜಾಗವಲ್ಲ.

4. ದಿನ ಗೊತ್ತು ಮಾಡುವುದು ಮತ್ತು ಕರೆಯುವುದು

ಹೆಚ್ಚಿನ ಸಭೆಗಳು ಕೆಡುವುದು ಇಲ್ಲಿ. ಇಲಾಖೆಯ ಸುತ್ತೋಲೆ ಬಂದ ದಿನ, ಬೆಳಿಗ್ಗೆ ಹನ್ನೊಂದಕ್ಕೆ, ಕೂಲಿಯವರು ಹೊಲದಲ್ಲಿರುವ ಹೊತ್ತಿಗೆ ಸಭೆ ಇಟ್ಟರೆ ಬರುವವರು ಊರ ಕಟ್ಟೆಯಲ್ಲಿ ಕೂತವರು ಮಾತ್ರ. ನಿಮ್ಮ ಊರಿನ ಬಿಡುವಿನ ದಿನ ಯಾವುದು ಎಂದು ವಿಚಾರಿಸಿ. ಅಮಾವಾಸ್ಯೆಯಂದು, ಇಲ್ಲವೇ ಸೋಮವಾರ ಎತ್ತು ಹೂಡದ ಊರುಗಳಲ್ಲಿ ಆ ದಿನದ ಮಧ್ಯಾಹ್ನ ಜನ ಮನೆಯಲ್ಲಿರುತ್ತಾರೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲಿನ ಹೊತ್ತು ಶಿಕ್ಷಕರಿಗೆ ಅನುಕೂಲ. ಊರಿನ ಸಂತೆಯ ದಿನ, ಸ್ತ್ರೀಶಕ್ತಿ ಸಂಘದ ಸಭೆಯ ದಿನ, ಜಾತ್ರೆಯ ವಾರ ಇವನ್ನು ಬಿಡಿ. ನಾಯಕನಹಟ್ಟಿ ಸೀಮೆಯ ಶಾಲೆಯವರು ತಿಪ್ಪೇರುದ್ರಸ್ವಾಮಿ ಜಾತ್ರೆಯ ಹೊತ್ತಿನಲ್ಲಿ ಸಭೆ ಇಟ್ಟು ಜನ ಬರಲಿಲ್ಲವೆಂದರೆ ತಪ್ಪು ಜನರದಲ್ಲ. ಮೊದಲ ಸಭೆ ಆಗಸ್ಟ್‌ನಲ್ಲಿ, ಅಂದರೆ ಕೊಯ್ಲಿಗೆ ಮುಂಚೆ ಆಗಬೇಕು. ಎರಡನೆಯದು ದಸರಾ ರಜೆ ಮುಗಿದು ನವೆಂಬರ್‌ನಲ್ಲಿ, ಮೂರನೆಯದು ಫೆಬ್ರವರಿಯಲ್ಲಿ. ಮೂರು ಸಾಕು.

ಮುದ್ರಿತ ನೋಟಿಸಿಗಿಂತ ಮಗು ತನ್ನ ಕೈಯಿಂದ ಬರೆದ ಚೀಟಿ ಹೆಚ್ಚು ಕೆಲಸ ಮಾಡುತ್ತದೆ. ಕನ್ನಡದ ಅವಧಿಯಲ್ಲೇ ಪತ್ರಲೇಖನದ ಅಭ್ಯಾಸವಾಗಿ ಇದನ್ನು ಬರೆಸಿ:

"ನಮ್ಮ ಮನೆಯವರಿಗೆ, ಬರುವ ಶನಿವಾರ ಹನ್ನೆರಡು ಗಂಟೆಗೆ ನಮ್ಮ ಐದನೇ ತರಗತಿಯಲ್ಲಿ ಸಭೆ ಇದೆ. ಒಂದೇ ಗಂಟೆ. ನಾನು ಪಾಠ ಓದಿ ತೋರಿಸುತ್ತೇನೆ. ಈರುಳ್ಳಿ ಕೊಯ್ಲಿನಲ್ಲಿ ಶಾಲೆ ತಪ್ಪದ ಹಾಗೆ ಏನು ಮಾಡುವುದು ಎಂದು ಮಾತಾಡಬೇಕಂತೆ. ಅವ್ವ, ಅಪ್ಪ, ಅಜ್ಜಿ ಯಾರು ಬಂದರೂ ಸರಿ."

ಇದರಲ್ಲಿ ಎಷ್ಟು ಹೊತ್ತು, ಏಕೆ, ಯಾರು ಎಂಬ ಮೂರಕ್ಕೂ ಉತ್ತರವಿದೆ. "ಅಜ್ಜಿ ಬಂದರೂ ಸರಿ" ಎಂಬುದನ್ನು ಬಿಡಬೇಡಿ. ತಂದೆ ತಾಯಿ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಚಿಕ್ಕಮಗಳೂರಿನ ಕಾಫಿ ತೋಟಕ್ಕೋ ಹೋಗಿರುವ ಮನೆಗಳಲ್ಲಿ ಮಗುವನ್ನು ನಿಜವಾಗಿ ನೋಡಿಕೊಳ್ಳುವವರು ಅಜ್ಜಿಯೇ. ತಾಂಡಾದ ಮಕ್ಕಳ ಮನೆಯಲ್ಲಿ ಲಂಬಾಣಿ, ಮೊಳಕಾಲ್ಮುರು ಕಡೆ ಕೆಲವು ಮನೆಗಳಲ್ಲಿ ತೆಲುಗು, ದಾವಣಗೆರೆಯ ಹಲವು ಬಡಾವಣೆಗಳಲ್ಲಿ ಉರ್ದು ನಡೆಯುತ್ತದೆ. ಹಾಗಿದ್ದಲ್ಲಿ ಆ ಮಾತು ಬಲ್ಲ ಒಬ್ಬ ಪೋಷಕರನ್ನು ಜೊತೆಗೆ ಇಟ್ಟುಕೊಳ್ಳಿ.

5. ಸಭೆಯ ಆ ಒಂದು ಗಂಟೆ

ಕುರ್ಚಿ ಮೇಜು ತೆಗೆಸಿ, ಶಿಕ್ಷಕರೂ ಸೇರಿ ಎಲ್ಲರೂ ವೃತ್ತಾಕಾರವಾಗಿ ಜಮಖಾನೆಯ ಮೇಲೆ ಕೂರುವಂತೆ ಮಾಡಿ. ಇದನ್ನು ಸಣ್ಣ ಮಾತೆಂದು ಬಿಡಬೇಡಿ. ಕುರ್ಚಿ ಹಾಕಿದರೆ ಊರ ಪ್ರಮುಖರು ಮುಂದೆ, ಹಟ್ಟಿಯವರು, ಕಾಲೊನಿಯವರು ಬಾಗಿಲ ಬಳಿ, ಹೆಂಗಸರು ಗೋಡೆಗೆ ಒರಗಿ ನಿಲ್ಲುತ್ತಾರೆ. ಹಾಗೆ ಕೂತ ಮೇಲೆ ಮಾತಾಡುವವರು ಯಾರೆಂದು ಹೇಳಬೇಕಾಗಿಲ್ಲ.

ಮೊದಲ ಹತ್ತು ನಿಮಿಷ ಮಕ್ಕಳದು. ಪ್ರತಿ ಮಗು ತನ್ನ ಮನೆಯವರ ಪಕ್ಕದಲ್ಲಿ ಕೂತು ತಾನು ಚೆನ್ನಾಗಿ ಓದಬಲ್ಲ ನಾಲ್ಕು ಸಾಲು ಓದಲಿ, ಇಲ್ಲವೇ ಒಂದು ಲೆಕ್ಕ ಬಿಡಿಸಿ ತೋರಿಸಲಿ. ಎಲ್ಲರೂ ಒಮ್ಮೆಗೇ ಓದುವುದರಿಂದ ಗದ್ದಲವಾಗುತ್ತದೆ, ಆಗಲಿ; ಯಾರೂ ಯಾರ ತಪ್ಪನ್ನೂ ಕೇಳಿಸಿಕೊಳ್ಳುವುದಿಲ್ಲ. ಅಕ್ಷರ ಬಾರದ ತಾಯಿಗೂ ಮಗಳು ನಿಲ್ಲದೆ ಓದುತ್ತಿದ್ದಾಳೋ ತಡೆದು ತಡೆದು ಓದುತ್ತಿದ್ದಾಳೋ ಎಂಬುದು ಆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಪ್ರಗತಿ ಪತ್ರದ 'ಎ ಪ್ಲಸ್', 'ಬಿ' ಗುರುತುಗಳಿಂದ ಇದು ತಿಳಿಯುವುದಿಲ್ಲ. ಆ ಪತ್ರದಲ್ಲಿ ಬರುವ ರೂಪಣಾತ್ಮಕ ಮೌಲ್ಯಮಾಪನವೆಂದರೆ ಪಾಠ ನಡೆಯುವಾಗಲೇ ಆಗಾಗ ಮಾಡುವ ಸಣ್ಣ ಪರೀಕ್ಷೆ, ಚಟುವಟಿಕೆಗಳು. ಸಂಕಲನಾತ್ಮಕವೆಂದರೆ ಅರ್ಧ ವರ್ಷದ ಕೊನೆಯ ಪರೀಕ್ಷೆ. ಪೋಷಕರಿಗೆ ಇದನ್ನು ಒಮ್ಮೆ ಇಷ್ಟು ಸರಳವಾಗಿ ಹೇಳಿ ಮುಂದೆ ಹೋಗಿ.

ನಂತರ ಹದಿನೈದು ನಿಮಿಷ ನೀವು ಕಂಡದ್ದನ್ನು ಹಲಗೆಯ ಮೇಲೆ ಬರೆದು ತೋರಿಸಿ, ಯಾವ ಮಗುವಿನ ಹೆಸರನ್ನೂ ಹೇಳದೆ: ತಿಂಗಳವಾರು ತಪ್ಪಿದ ದಿನಗಳು, ಮಕ್ಕಳ ಚೀಟಿಯಲ್ಲಿ ಬಂದ ಕಾರಣಗಳು. ಅಂಕಗಳನ್ನು ಗಟ್ಟಿಯಾಗಿ ಓದುವುದು, "ಇವನ ತಂದೆ ಯಾರು, ಎದ್ದು ನಿಲ್ಲಿ" ಎನ್ನುವುದು ಪೋಷಕರನ್ನು ಶಾಲೆಯಿಂದ ಓಡಿಸುವ ಖಚಿತ ದಾರಿಗಳು.

ಇಲ್ಲಿ ಯಾರಾದರೊಬ್ಬರು "ನಾಲ್ಕು ಬಿಗಿದು ಬುದ್ಧಿ ಕಲಿಸಿ ಮೇಷ್ಟ್ರೇ, ನಾವೇನೂ ಕೇಳುವುದಿಲ್ಲ" ಎನ್ನುವುದು ಖಂಡಿತ. ನಕ್ಕು ಸುಮ್ಮನಾಗಬೇಡಿ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ, ಪೋಷಕರು ಒಪ್ಪಿದರೂ ಅದು ತಪ್ಪೇ ಎಂದು ಮಕ್ಕಳಿಗೂ ಕೇಳಿಸುವಂತೆ ಹೇಳಿ. ಆಮೇಲೆ ಕೇಳಿ: "ಹೊಡೆಯುವುದು ಬೇಡ, ಅವನು ಬೆಳಿಗ್ಗೆ ಎಷ್ಟಕ್ಕೆ ಏಳುತ್ತಾನೆ ಹೇಳಿ." ಮಾತು ಮತ್ತೆ ದಾರಿಗೆ ಬರುತ್ತದೆ.

ಕೂಲಿಯ ವಿಷಯ ಬಂದಾಗಲೂ ಕಾನೂನನ್ನು ಸ್ಪಷ್ಟವಾಗಿ ಹೇಳಿ, ಹೆದರಿಸಬೇಡಿ. ಶಾಲೆಯ ವೇಳೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಮಗು ಸ್ವಂತ ಮನೆಯ ಹೊಲದಲ್ಲಿ ಅಪಾಯವಿಲ್ಲದ ಕೆಲಸಕ್ಕೆ ಕೈಜೋಡಿಸುವುದಕ್ಕೆ ಅಡ್ಡಿಯಿಲ್ಲ; 14 ವರ್ಷದೊಳಗಿನ ಮಗುವನ್ನು ಕೂಲಿಗೆ ಇಟ್ಟುಕೊಳ್ಳುವುದು ಅಪರಾಧ. ಈ ಎರಡರ ನಡುವಿನ ಗೆರೆ ಗೊತ್ತಾದರೆ ಪೋಷಕರು ಸುಳ್ಳು ಹೇಳುವ ಅಗತ್ಯ ಕಡಿಮೆಯಾಗುತ್ತದೆ.

ಉಳಿದ ಸಮಯದಲ್ಲಿ ಅಕ್ಕಪಕ್ಕದ ಕೇರಿಯ ನಾಲ್ಕೈದು ಮನೆಯವರು ಒಂದೊಂದು ಗುಂಪಾಗಿ ಕೂತು, ತಮ್ಮಿಂದ ಏನಾಗುತ್ತದೆ, ಶಾಲೆಯಿಂದ ಏನಾಗಬೇಕು ಎಂದು ತೀರ್ಮಾನಿಸಲಿ. ಪ್ರತಿ ಗುಂಪಿನ ಪರವಾಗಿ ಒಬ್ಬ ತಾಯಿ ಮಾತಾಡಲಿ ಎಂದು ಮೊದಲೇ ಹೇಳಿರಿ.

6. ಒಪ್ಪಿದ್ದನ್ನು ಅಲ್ಲಿಯೇ ಬರೆಯಿರಿ

ಎಸ್‌ಡಿಎಂಸಿಯ ನಡಾವಳಿ ಪುಸ್ತಕದಲ್ಲಿ "ಕೂಲಂಕಷವಾಗಿ ಚರ್ಚಿಸಿ ತೀರ್ಮಾನಿಸಲಾಯಿತು" ಎಂದು ಬರೆಯುವ ರೂಢಿ ಇಲ್ಲಿ ಬೇಡ. ನೋಟ್‌ಬುಕ್‌ನ ಎದುರುಬದುರು ಪುಟಗಳಲ್ಲಿ ಯಾರು, ಏನು, ಯಾವ ದಿನದೊಳಗೆ, ಆಯಿತೇ ಎಂದು ನಾಲ್ಕು ಅಂಕಣ ಹಾಕಿ. ಒಂದು ಪುಟ ಹೀಗಿರಬಹುದು:

ಹಟ್ಟಿಯ ಮನೆಯವರು: ಕೊಯ್ಲಿನ ದಿನಗಳಲ್ಲಿ ಮಕ್ಕಳನ್ನು ಸರದಿಯ ಮೇಲೆ ಒಬ್ಬರು ಶಾಲೆಗೆ ಬಿಡುವುದು.
ಮುಖ್ಯ ಶಿಕ್ಷಕರು: ಬೆಳಿಗ್ಗೆ ಎಂಟೂವರೆಗೆ ಒಂದು ಕೊಠಡಿ ತೆರೆಸುವುದು; ಕೈಗೂಸಿನ ವಿಷಯವಾಗಿ ಅಂಗನವಾಡಿ ಕಾರ್ಯಕರ್ತೆಯೊಂದಿಗೆ ಮಾತಾಡುವುದು.
ತರಗತಿ ಶಿಕ್ಷಕಿ: ಎರಡು ದಿನ ಸತತವಾಗಿ ಬಾರದ ಮಗುವಿನ ಮನೆಗೆ ಮೂರನೇ ದಿನ ಫೋನ್ ಮಾಡುವುದು.
ಮಕ್ಕಳು: ಗೈರಾದ ಗೆಳೆಯರಿಗೆ ಅಂದಿನ ಮನೆಗೆಲಸ ತಲುಪಿಸುವುದು.

ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ ಒಪ್ಪಿಗೆ ಪಡೆದ ನಂತರವೇ ಸಹಿ ಅಥವಾ ಹೆಬ್ಬೆಟ್ಟು. ಶಿಕ್ಷಕರ, ಮುಖ್ಯ ಶಿಕ್ಷಕರ ಹೆಸರಿಲ್ಲದ ಪುಟ ಒಪ್ಪಂದವಲ್ಲ. ಮನೆಯವರಿಗೆ ಕೊಟ್ಟ ಆಜ್ಞೆ ಅದು.

7. ಮುಂದಿನ ಸಭೆಯವರೆಗೆ

ವಾಟ್ಸ್‌ಆಪ್ ಗುಂಪು ಇದ್ದರೆ ಅದರಲ್ಲಿ ಸೂಚನೆ ಮಾತ್ರ ಇರಲಿ. ಮಗುವಿನ ಅಂಕಪಟ್ಟಿ, ತಪ್ಪು ಬರೆದ ಪುಟದ ಫೋಟೋ, ಒಬ್ಬರ ಮೇಲೊಬ್ಬರ ದೂರು ಅಲ್ಲಿಗೆ ಬರಬಾರದು. ನಗರದ ಶಾಲೆಗಳಲ್ಲಿ ಶಿಕ್ಷಕರೂ ಪೋಷಕರೂ ರಾತ್ರಿ ಹತ್ತರವರೆಗೆ ಇದರಲ್ಲೇ ಜಗಳ ಕಾಯುವುದುಂಟು. ಸಂಜೆ ಏಳರ ನಂತರ ಸಂದೇಶವಿಲ್ಲ ಎಂದು ಮೊದಲ ದಿನವೇ ಹೇಳಿಬಿಡುವುದು ಒಳ್ಳೆಯದು. ಓದಲು ಬಾರದವರಿಗೆ ಅರ್ಧ ನಿಮಿಷದ ಧ್ವನಿ ಸಂದೇಶ ಕಳುಹಿಸಿ. ಫೋನ್ ಇಲ್ಲದ ಮನೆಗಳ ಪಟ್ಟಿಯನ್ನು ನೋಟ್‌ಬುಕ್‌ನ ಕೊನೆಯಲ್ಲಿ ಬರೆದಿಟ್ಟು, ಆ ಮನೆಗಳಿಗೆ ಮಗುವಿನ ಕೈಯಲ್ಲಿ ಚೀಟಿ ಕೊಡಿ.

ಗುಳೆ ಹೋಗುವ ಕುಟುಂಬಗಳಿಗೆ ಹೊರಡುವ ಮೊದಲೇ ಒಂದು ಕೆಲಸ ಮಾಡಿಕೊಡಬೇಕು. ಮಗುವಿನ ಎಸ್‌ಎಟಿಎಸ್ ಸಂಖ್ಯೆಯನ್ನು, ಅಂದರೆ ಇಲಾಖೆಯ ಗಣಕದಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಗುರುತು ಸಂಖ್ಯೆಯನ್ನು, ಶಾಲೆಯ ಹೆಸರಿನೊಂದಿಗೆ ಕಾಗದದಲ್ಲಿ ಬರೆದುಕೊಡಿ. ಬೇರೆ ಶಾಲೆಗೆ ಸೇರಲು ಬಯಸಿದರೆ ಮುಖ್ಯ ಶಿಕ್ಷಕರು ವರ್ಗಾವಣೆ ಪ್ರಮಾಣಪತ್ರವನ್ನು ತಡಮಾಡದೆ ಕೊಡಬೇಕು, ಅದು ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಕಾಯ್ದೆಯ 5ನೇ ಸೆಕ್ಷನ್ ಹೀಗೆ ಹೇಳುತ್ತದೆ ಎಂಬುದನ್ನೂ ಪೋಷಕರಿಗೆ ತಿಳಿಸಿ.

ಸಭೆಗೆ ಬಾರದವರ ಮನೆಗೆ ಹೋಗಬೇಕಾದರೆ ಸಂಜೆ, ಇಬ್ಬರು ಜೊತೆಯಾಗಿ ಹೋಗಿ. ದೂರು ಹೊತ್ತು ಹೋಗಬೇಡಿ. ಮಗು ಬರೆದ ಒಂದು ಒಳ್ಳೆಯ ಪುಟವನ್ನು ಹಿಡಿದು ಹೋಗಿ, ಅದನ್ನು ತೋರಿಸಿದ ಮೇಲೆ ಉಳಿದ ಮಾತು.

8. ತರಗತಿಯಲ್ಲಿ ಬಗೆಹರಿಯದ್ದನ್ನು ಎಲ್ಲಿಗೆ ಒಯ್ಯಬೇಕು

ಕಟ್ಟಡ, ನೀರು, ಅನುದಾನದ ವಿಷಯ ಎಸ್‌ಡಿಎಂಸಿಗೆ, ಅಲ್ಲಿಂದ ಶಾಲಾ ಅಭಿವೃದ್ಧಿ ಯೋಜನೆಗೆ ಹೋಗಬೇಕು. ಆರ್ಥಿಕ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುವುದರಿಂದ ಬೇಡಿಕೆಯನ್ನು ನವೆಂಬರ್ ಸಭೆಯ ನಂತರವೇ ಬರೆದುಕೊಡಿ, ಮಾರ್ಚ್‌ಗೆ ಕಾಯಬೇಡಿ. ರಸ್ತೆ, ಬೀದಿದೀಪ, ಶಾಲೆಯ ದಾರಿಯಲ್ಲಿರುವ ಹಳ್ಳ, ಅಂಗನವಾಡಿಯ ಮಾತು ಗ್ರಾಮ ಪಂಚಾಯಿತಿಗೆ. ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಇದನ್ನು ಎತ್ತಬಹುದು, ಅದಕ್ಕೆ ಅವರ ಚೀಟಿಗಳು ಆಧಾರವಾಗುತ್ತವೆ. ಶಿಕ್ಷಕರ ಕೊರತೆ, ಪಾಠಕ್ಕೆ ಸಂಬಂಧಿಸಿದ ತೊಡಕು ಇದ್ದರೆ ಮೊದಲು ಸಿಆರ್‌ಪಿ, ಅಂದರೆ ಸುತ್ತಲಿನ ಕೆಲವು ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ, ನಂತರ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ. ಏನೇ ಕೊಟ್ಟರೂ ಬರವಣಿಗೆಯಲ್ಲಿ ಕೊಟ್ಟು ಪ್ರತಿಗೆ ಸ್ವೀಕೃತಿ ಹಾಕಿಸಿಕೊಳ್ಳಿ.

ಪೋಷಕರಿಗೂ ಇಲ್ಲಿ ಒಂದು ಮಾತು. ಶಿಕ್ಷಕರ ಬಗ್ಗೆ ದೂರಿದ್ದರೆ ಮೊದಲು ಅವರೊಂದಿಗೇ, ಆಮೇಲೆ ಮುಖ್ಯ ಶಿಕ್ಷಕರೊಂದಿಗೆ ಮಾತಾಡಿ; ನೇರವಾಗಿ ಬಿಇಒ ಕಚೇರಿಗೆ ಅಥವಾ ಊರ ಮುಖಂಡರ ಬಳಿಗೆ ಹೋದರೆ ಅದು ಪಕ್ಷಗಳ ಜಗಳವಾಗಿ ತಿರುಗುವುದೇ ಹೆಚ್ಚು. ಮಗುವಿನ ಮೇಲೆ ಕೈಮಾಡಿದ ದೂರಿಗೆ ಈ ಸಾಲುಕ್ರಮ ಅನ್ವಯಿಸುವುದಿಲ್ಲ.

9. ಫೆಬ್ರವರಿಯ ಸಭೆ ಮತ್ತು ಹಸ್ತಾಂತರ

ಮೂರನೇ ಸಭೆಯಲ್ಲಿ ಹೊಸ ವಿಷಯ ಎತ್ತಬೇಡಿ. ನೋಟ್‌ಬುಕ್‌ನ ನಾಲ್ಕನೇ ಅಂಕಣವನ್ನು ಎಲ್ಲರೆದುರು ತುಂಬಿಸಿ, ಶಾಲೆಯ ಕಡೆಯಿಂದ ಆಗದೆ ಉಳಿದದ್ದನ್ನು ಮೊದಲು ಓದಿ. ಆಗ ಮನೆಯವರು ತಮ್ಮದನ್ನು ಹೇಳಲು ಹಿಂಜರಿಯುವುದಿಲ್ಲ. ಕಳೆದ ವರ್ಷದ ಅದೇ ತಿಂಗಳುಗಳ ಹಾಜರಿಯನ್ನು ಈ ವರ್ಷದ್ದರ ಪಕ್ಕದಲ್ಲಿ ಹಲಗೆಯ ಮೇಲೆ ಬರೆದು ಬಿಡಿ, ವ್ಯತ್ಯಾಸ ಕಡಿಮೆ ಇದ್ದರೂ ಹಾಗೆಯೇ ಬರೆಯಿರಿ.

ಶಿಕ್ಷಕರಿಗೆ ವರ್ಗಾವಣೆಯಾದಾಗ ಈ ಕೆಲಸ ನಿಂತುಹೋಗುವುದು ಸಾಮಾನ್ಯ. ಅದಕ್ಕಾಗಿ ನೋಟ್‌ಬುಕ್ ನಿಮ್ಮ ಚೀಲದಲ್ಲಿರದೆ ಮುಖ್ಯ ಶಿಕ್ಷಕರ ಬೀರುವಿನಲ್ಲಿ, ಹಾಜರಿ ಪುಸ್ತಕಗಳ ಜೊತೆಗಿರಲಿ. ಏಪ್ರಿಲ್‌ನಲ್ಲಿ ಫಲಿತಾಂಶ ಹೇಳಿದ ದಿನ, ಮುಂದಿನ ತರಗತಿಯನ್ನು ತೆಗೆದುಕೊಳ್ಳುವ ಶಿಕ್ಷಕರನ್ನು ಇಬ್ಬರು ಪೋಷಕರ ಎದುರಿಗೆ ಕೂರಿಸಿಕೊಂಡು ಪುಟ ಪುಟವಾಗಿ ವಿವರಿಸಿ, ಬಾಕಿ ಉಳಿದ ಸಾಲುಗಳಿಗೆ ಕೆಂಪು ಗೆರೆ ಎಳೆದು, ಕೊಟ್ಟವರು ಪಡೆದವರು ಇಬ್ಬರೂ ದಿನಾಂಕದೊಂದಿಗೆ ಸಹಿ ಮಾಡಿ.